ಗಾಜಿನ ಡಬ್ಬಾ ಬೇಡ

"ಬಜೆಟ್ ಮೂವತ್ತೈದು ಸಾವಿರ. ಅಷ್ಟರಲ್ಲೇ ಗೇಮ್ ಆಡೋ ಹಾಗಿರೋ ಕಂಪ್ಯೂಟರ್ ಆಗ್ಬೇಕು," ಎನ್ನುತ್ತಾ ಅವನು ಮನೆಯಿಂದ ಹೊತ್ತು ತಂದಿದ್ದ ಹಳೆಯ ಸಿಪಿಯು ಡಬ್ಬಾವನ್ನು ಅಂಗಡಿಯ ಮೇಜಿನ ಮೇಲಿಟ್ಟ.

ಅಂಗಡಿಯವರು ಹಾಳೆಯೊಂದರಲ್ಲಿ ಗೀಚತೊಡಗಿದರು. "ಪ್ರೊಸೆಸರ್ ಸಾಧಾರಣದ್ದು ಸಾಕು. ರ‍್ಯಾಮ್ ಹದಿನಾರು ಜಿಬಿ ಇರ್ಲಿ. ಉಳಿದ ದುಡ್ಡೆಲ್ಲ ಗ್ರಾಫಿಕ್ಸ್ ಕಾರ್ಡಿಗೆ ಹಾಕಿ ಸಾರ್, ಆಟ ಓಡೋದೇ ಅದರಿಂದ. ಇನ್ನು ಡಬ್ಬಾ? ಗಾಜಿಂದಿದೆ, ಒಳಗೆ ಬಣ್ಣದ ಲೈಟು. ಎಲ್ರೂ ಅದನ್ನೇ ಕೇಳ್ತಾರೆ."

"ಅಯ್ಯೋ, ಗಾಜಿಂದು ಬೇಡ್ವೇ ಬೇಡ! ಎಲ್ಲಾ ಈ ಡಬ್ಬಾದೊಳಗೇ ಕೂರಿಸಿ. ಮೇಲಿನ ಧೂಳೂ ಒರೆಸ್ಬೇಡಿ."

"ಯಾಕೆ ಸಾರ್?"

"ಇದು ನನ್ನ ಹೆಂಡ್ತೀದು. ರವಿಕೆ ಡಿಸೈನ್ ನೋಡೋಕೆ ಇಟ್ಕೊಂಡಿದ್ದಾಳೆ, ನಾನು ಮುಟ್ಟೋದೇ ಇಲ್ಲ. ಮೊಬೈಲಲ್ಲಿ ಐದು ನಿಮಿಷ ಗೇಮ್ ಆಡಿದ್ರೂ 'ನೀವೇನು ಚಿಕ್ಕ ಮಗುವಾ?' ಅಂತಾಳೆ. ಈಗ ತವರಿಗೆ ಹೋಗಿದ್ದಾಳೆ, ಬರೋದ್ರೊಳಗೆ ರೆಡಿ ಆಗ್ಬೇಕು. ಅವಳು ಹೊಲಿಗೆ ಕ್ಲಾಸಿಗೆ ಹೋದಾಗ ಆಡ್ಕೋತೀನಿ. ಹೊರಗಡೆಯಿಂದ ಒಂಚೂರೂ ಗೊತ್ತಾಗ್ಬಾರ್ದು, ನೋಡಿ."

ಅಂಗಡಿಯವರು ನಗುತ್ತಾ ತಿರುಪು ಬಿಚ್ಚಿ ಡಬ್ಬಾದ ಪಕ್ಕದ ತಗಡು ತೆಗೆದರು. ಒಳಗೆ ಇಣುಕಿದವರು ನಗು ನಿಲ್ಲಿಸಿದರು.

"ಏನಾಯ್ತು? ಹೊಸ ಗ್ರಾಫಿಕ್ಸ್ ಕಾರ್ಡ್ ಕೂರೋದಿಲ್ವಾ?"

"ಜಾಗ ಇಲ್ಲ ಸಾರ್. ಮೂರು ಫ್ಯಾನಿಂದು, ನಿಮ್ಮ ಬಜೆಟ್ಟಿಗೆ ಬರೋದಕ್ಕಿಂತ ದೊಡ್ಡ ಕಾರ್ಡು, ಆಗಲೇ ಕೂತಿದೆ. ಯುಗಾದಿ ಹೊತ್ತಿಗೆ ನಾನೇ ಹಾಕಿಕೊಟ್ಟಿದ್ದು. ಆಗ ಈ ಡಬ್ಬಾ ತಂದಿದ್ದ ಮೇಡಮ್ಮೂ ಧೂಳು ಒರೆಸ್ಬೇಡಿ ಅಂದಿದ್ರು."