ಚಿಕ್ಕಪ್ಪನ ಮೂರು ಸುತ್ತು

ಡೊಂಬಿವಲಿ ಲೋಕಲ್ ರೈಲಿನಲ್ಲಿ ನೋವಿನ ಮುಲಾಮು ಹಚ್ಚಿಕೊಂಡವರು ಪಕ್ಕದಲ್ಲಿ ಕುಳಿತರೆ ನನಗೆ ಈಗಲೂ ಚಿಕ್ಕಪ್ಪನ ನೆನಪಾಗುತ್ತದೆ.

ಕೋಪರಿಯ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಅಪ್ಪ, ಚಿಕ್ಕಪ್ಪ ಮತ್ತು ಅಪ್ಪನ ಹೋಟೆಲಿನ ಗೆಳೆಯರು ಹಳೆಯ ಬಾಕ್ಸಿಂಗ್ ಪಂದ್ಯಗಳ ಸಿ.ಡಿ. ಹಾಕಿ ತಾವೇ ಅಂಕ ಕೊಡುತ್ತಿದ್ದರು. ಟಿ.ವಿ.ಗೆ ಸದ್ದಿರುತ್ತಿರಲಿಲ್ಲ. "ಕಾಮೆಂಟ್ರಿ ಕೇಳಿದ್ರೆ ಕಣ್ಣು ಕೆಲಸ ಮಾಡುದಿಲ್ಲ ಮಾರಾಯ," ಎನ್ನುತ್ತಿದ್ದರು ಅಪ್ಪ. ಸುತ್ತು ಗೆದ್ದವನಿಗೆ ಹತ್ತು, ಸೋತವನಿಗೆ ಒಂಬತ್ತು. ಎಣ್ಣೆ ಹತ್ತಿದ ಹೋಟೆಲ್ ಬಿಲ್ಲಿನ ಹಿಂದೆ ಬರೆದು, ಮಡಚಿ, ಸ್ಟೀಲ್ ಡಬ್ಬಿಗೆ ಹಾಕಬೇಕು.

ಅಂದು ಹಾಕಿದ್ದು ಚಿಕ್ಕಪ್ಪನೇ ಹರೆಯದಲ್ಲಿ ಆಡಿದ ಪಂದ್ಯ. ತೀರ್ಪುಗಾರರು ಮೋಸದಿಂದ ತನ್ನನ್ನು ಸೋಲಿಸಿದರೆಂದು ಅವರು ಊಟಕ್ಕೆ ಕುಳಿತಾಗಲೆಲ್ಲ ಹೇಳುತ್ತಿದ್ದರು. "ಇವತ್ತು ನೀನೂ ಬರಿ ಮಗಾ," ಎಂದು ಚಿಕ್ಕಪ್ಪನೇ ನನಗೊಂದು ಚೀಟಿ ಕೊಟ್ಟರು. ಅಪ್ಪ ಕಲಿಸಿದಂತೆ ನಾನು ತಾಗಿದ ಗುದ್ದುಗಳನ್ನು ಮಾತ್ರ ಲೆಕ್ಕ ಹಿಡಿದೆ.

ಕೊನೆಗೆ ಚಿಕ್ಕಪ್ಪ ಒಂದೊಂದೇ ಚೀಟಿ ಬಿಡಿಸಿ ಓದಿದರು. ಎಲ್ಲರೂ ಅವರನ್ನೇ ಗೆಲ್ಲಿಸಿದ್ದರು, ಅಪ್ಪನೂ. ನನ್ನ ದುಂಡು ಅಕ್ಷರದ ಚೀಟಿಯಲ್ಲಿ ಮೂರೂ ಸುತ್ತು ಎದುರಾಳಿಗೆ ಹೋಗಿದ್ದವು. ಶಭಾಶ್ ಅನ್ನುತ್ತಾರೆಂದು ಕಾಯುತ್ತಿದ್ದೆ.

"ಅವಳು ಸಣ್ಣವಳು, ಅವಳಿಗೆ ಎಂತ ಗೊತ್ತುಂಟು?" ಅಪ್ಪ ಚೀಟಿಗೆ ಕೈ ಚಾಚಿದರು.

ಚಿಕ್ಕಪ್ಪ ಕೊಡಲಿಲ್ಲ. "ನೀವೆಲ್ಲ ನನ್ನ ಮುಖ ನೋಡಿ ಬರ್ದದ್ದು. ಟಿ.ವಿ. ನೋಡಿದ್ದು ಇವಳೊಬ್ಬಳೇ."

ರಾತ್ರಿ ಊಟಕ್ಕೆ ಕುಳಿತಾಗ ಅವರು ಆ ಪಂದ್ಯದ ಮಾತೆತ್ತಲಿಲ್ಲ. "ಚಿಕ್ಕಪ್ಪ, ನಿಮಗೆ ಮೋಸ ಆದ ಕಥೆ ಹೇಳಿ," ಎಂದು ನಾನೇ ಕೇಳಿದೆ.

ಮುಲಾಮಿನ ವಾಸನೆಯ ಕೈ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿತು.