ಬಿಳಿ ಚೌಕ

ನೀರು ಬಳಕೆದಾರರ ಸಂಘದ ಸಭೆಯಲ್ಲಿ ಅಧ್ಯಕ್ಷ ಶಂಭುಲಿಂಗಪ್ಪನವರ ಬೆರಳು, ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿದ್ದ ಕಾಲುವೆ ನಕ್ಷೆಯಲ್ಲಿ ತಮ್ಮ ಗದ್ದೆಯನ್ನು ಹುಡುಕುತ್ತಿತ್ತು. ಮಾನ್ವಿ ಕಡೆಯ ಹೊಲಗಳೆಲ್ಲ ಹಸಿರಾಗಿ ಕಾಣುತ್ತಿದ್ದವು. ಅವರ ಗದ್ದೆ ಇರಬೇಕಾದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕವಿತ್ತು. "ನಮ್ಮ ಹೊಲ ಎಲ್ಲಿ ಅದ ಬೇ?" ಎಂದರು. ಯಾವ ಹೊಲಕ್ಕೆ ಎಷ್ಟು ನೀರು ಎಂದು ನಾಳೆ ಈ ನಕ್ಷೆ ನೋಡಿಯೇ ಕಾಲುವೆಯವರು ನೀರು ಬಿಡುವವರಿದ್ದರು.

ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದ ವಿಶಾಖಾ ತಲೆ ಎತ್ತಲಿಲ್ಲ. ಫೋರ್ಟ್ರಾನ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ನೀರಿನ ಲೆಕ್ಕ ಹಾಕುವ ಪ್ರೋಗ್ರಾಮು ಬರೆದವಳು ಅವಳೇ. ನಕ್ಷೆಗಾಗಿ ಅದು ಬರೆಯುವ ಫೈಲು, ತನ್ನೊಳಗಿನ ಒಂದೊಂದು ಅಂಕಿಯ ಅರ್ಥವನ್ನೂ ತಾನೇ ಹೇಳುತ್ತದೆ. ಕಾಲುವೆಯ ಕೊನೆಭಾಗದಲ್ಲಿ ಅವಳ ಅಪ್ಪ ಅಯ್ಯಣ್ಣನ ಹೊಲವಿದೆ. ಹೋದ ವರ್ಷ ಆ ಹೊಲದ ಪಾಲನ್ನು ಅಳಿಸಿ, 'ಮಾಹಿತಿ ಇಲ್ಲ' ಎಂಬ ಅರ್ಥದ ಅಂಕಿಯನ್ನು ಅವಳ ಕೈಯಿಂದಲೇ ಹಾಕಿಸಿದವರು ಇದೇ ಶಂಭುಲಿಂಗಪ್ಪ ಸಾವುಕಾರರು. "ಅಲ್ಲಿ ಹೊಲಾನ ಇಲ್ಲ ಅಂತ ತಿಳ್ಕೊ," ಎಂದು ನಕ್ಕಿದ್ದರು. ಅಪ್ಪನ ಭತ್ತ ತೆನೆಗಟ್ಟುವ ಮೊದಲೇ ಒಣಗಿತ್ತು.

ಈಗ ಅವಳು ಆ ಬಿಳಿ ಚೌಕದ ಮೇಲೆ ಕ್ಲಿಕ್ ಮಾಡಿದಳು. ಹೋದ ವರ್ಷದ ಅದೇ ಅಂಕಿಯ ಅರ್ಥವನ್ನು ಫೈಲು ಹೇಳಿತು. 'ಮಾಹಿತಿ ಇಲ್ಲ' ಎಂಬ ಅಕ್ಷರಗಳು ಅರ್ಧ ಗೋಡೆಯ ಮೇಲೆ, ಅರ್ಧ ಶಂಭುಲಿಂಗಪ್ಪನವರ ಗರಿಗರಿ ಬಿಳಿ ಅಂಗಿಯ ಮೇಲೆ ಮೂಡಿದವು.

"ಮತ್ತ... ನಮ್ಮ ನೀರು?" ಅವರ ದನಿ ಇಳಿದಿತ್ತು.

"ಹೊಲಾನ ಇಲ್ಲಲ್ರೀ ಸಾವ್ಕಾರ್ರ," ಎಂದಳು ವಿಶಾಖಾ, ಮೊದಲ ಸಲ ತಲೆ ಎತ್ತಿ. "ನೀರು ಎಲ್ಲಿಗೆ ಬಿಡೋದ್ರಿ?"