ನಲವತ್ತೊಂದು ಸೆಕೆಂಡು

"ತಪ್ಪು ನಮ್ಮದೇ" ಎಂದು ರೈಲು ನಿಗಮದ ಅಧಿಕಾರಿ ಒಪ್ಪಿಕೊಂಡುಬಿಟ್ಟಾಗ ದರ್ಜಿಯ ಎದೆ ಧಸಕ್ಕೆಂದಿತು. ಮೂರು ವರ್ಷ ಜಪ್ಪಯ್ಯ ಅಂದರೂ ಜಗ್ಗದ ಮನುಷ್ಯ ಇಷ್ಟು ಸಲೀಸಾಗಿ ತಲೆಬಾಗುತ್ತಾನೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಎರಡು ಬೋಗಿಗಳ ನಡುವಿನ ಬಾಗಿಲಿನ ಬೀಗ ಸರಿ ಇರಲಿಲ್ಲ, ಇದ್ದಿದ್ದರೆ ಇವರ ಮಗಳು ಅದನ್ನು ತೆರೆದು ಓಡುವ ರೈಲಿನ ಮೇಲೆ ಹತ್ತುತ್ತಿರಲಿಲ್ಲ, ಬಿದ್ದು ಸಾಯುತ್ತಲೂ ಇರಲಿಲ್ಲ ಎಂದು ಅಧಿಕಾರಿ ಕಾಗದ ನೋಡಿಕೊಂಡು ಗಡಗಡನೆ ಓದಿದ.

ವಕೀಲೆ ಮೇಜಿನ ಕೆಳಗೆ ದರ್ಜಿಯ ಮೊಣಕೈ ತಿವಿದಳು. "ಗೆದ್ವಿ ಅಣ್ಣ! ಒಂದು ಸಹಿ ಹಾಕಿದ್ರೆ ಮುಗೀತು."

"ಮುಗಿದ್ಮೇಲೆ ಆ ವಿಡಿಯೊ?"

"ಮೂವತ್ತು ದಿನಕ್ಕೆ ಅಳಿಸಿಹಾಕ್ತಾರೆ. ಬೇರೆ ಪ್ರಯಾಣಿಕರ ಮುಖ ಇದೆಯಲ್ಲ, ಯಾರಿಗೂ ಕಾಪಿ ಕೊಡಲ್ಲ."

ಆ ನಿಯಮ ದರ್ಜಿಗೆ ಬಾಯಿಪಾಠವಾಗಿತ್ತು. ದೂರಿಲ್ಲದಿದ್ದರೆ ಅಳಿಸುತ್ತಾರೆಂದು ಗೊತ್ತಾದ ದಿನವೇ ಅವನು ದೂರು ಕೊಟ್ಟದ್ದು. ಪ್ರತಿ ವಿಚಾರಣೆಯಲ್ಲೂ ಬೋಗಿಯ ಕ್ಯಾಮೆರಾ ಹಿಡಿದ ದೃಶ್ಯ ಗೋಡೆಯ ಪರದೆಯ ಮೇಲೆ ಒಮ್ಮೆ ಓಡುತ್ತಿತ್ತು. ನಲವತ್ತೊಂದು ಸೆಕೆಂಡು. ಮಗಳು ರೈಲು ಹತ್ತುತ್ತಾಳೆ, ಒಬ್ಬ ಮುದುಕಿಗೆ ಸೀಟು ಬಿಟ್ಟುಕೊಡುತ್ತಾಳೆ, ರಬ್ಬರ್ ಬ್ಯಾಂಡನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂದಲು ಸೇರಿಸಿ ಜುಟ್ಟು ಕಟ್ಟುತ್ತಾಳೆ, ಗೆಳತಿಯ ಮಾತಿಗೆ ಹೊಟ್ಟೆ ಹಿಡಿದು ನಗುತ್ತಾಳೆ. ಆಮೇಲೆ ಬಾಗಿಲು. ಇಷ್ಟಕ್ಕಾಗಿ ಅವನು ತಿಂಗಳುಗಟ್ಟಲೆ ಚಾತಕಪಕ್ಷಿಯಂತೆ ಕಾಯುತ್ತಿದ್ದ. ಹಿಂದಿನ ದಿನವೇ ಕ್ಷೌರ ಮಾಡಿಸಿಕೊಂಡು, ಅಂಗಡಿ ಮುಚ್ಚಿ, ಗರಿಗರಿ ಅಂಗಿ ತೊಟ್ಟು ಬರುತ್ತಿದ್ದ. ಮಗಳನ್ನು ನೋಡಿಬರಲು ಹೊರಟ ಯಾವ ಅಪ್ಪನಾದರೂ ಹಾಗೆಯೇ ಬರುತ್ತಾನೆ.

ಮನೆಯಲ್ಲಿ ಅವಳ ನಗು ಉಳಿದಿರಲಿಲ್ಲ. ಇದ್ದ ಫೋಟೊ, ವಿಡಿಯೊಗಳೆಲ್ಲ ಅವಳ ಫೋನಿನಲ್ಲಿದ್ದವು. ಅವಳು ಸಾಯುವ ಒಂಬತ್ತು ದಿನ ಮೊದಲು, ರೈಲಿನ ನೆತ್ತಿಯ ಮೇಲೆ ನಿಂತು ತೆಗೆಸಿಕೊಂಡ ವಿಡಿಯೊ ಕಂಡು ಸಿಟ್ಟು ತಡೆಯಲಾರದೆ, ಇಸ್ತ್ರಿಗೆ ಚಿಮುಕಿಸುವ ನೀರಿನ ಬಕೆಟ್ಟಿಗೆ ಆ ಫೋನನ್ನು ಎಸೆದವನು ಅವನೇ. ಬುದ್ಧಿ ಬರಲಿ ಎಂದು ಎಸೆದಿದ್ದ. ಅವಳು ಅಪ್ಪನೊಡನೆ ಮಾತು ಬಿಟ್ಟಳು. ಅವನೂ ಬಿಗುಮಾನ ಬಿಡಲಿಲ್ಲ. ಹತ್ತನೆಯ ದಿನ ತಾನೇ ಸೋತು ಮಾತನಾಡಿಸಬೇಕೆಂದಿದ್ದ.

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಮುಂದೆ ಹಿಡಿದ. ದರ್ಜಿ ಕೈ ಹಿಂದಕ್ಕೆಳೆದುಕೊಂಡ.

"ಇವರದ್ದೇನೂ ತಪ್ಪಿಲ್ಲ," ಎಂದ. "ತಪ್ಪು ನನ್ನ ಮಗಳದ್ದೇ."

ವಕೀಲೆ ಹಣೆ ಚಚ್ಚಿಕೊಂಡಳು. "ತಲೆಗಿಲೆ ಕೆಟ್ಟಿದೆಯಾ ಅಣ್ಣ? ಮೂರು ವರ್ಷ ಬೀಗ, ಬೀಗ ಅಂತ ಅರಚಿ ನನ್ನ ಗಂಟಲು ಹರಿದುಹೋಯ್ತು!"

"ಬೀಗ ಇದ್ದಿದ್ರೂ ಅವಳು ಹತ್ತೋಳೇ. ಕಿಟಕಿಯಿಂದ ಹತ್ತೋಳು. ನಾನು ಸಾಕಿದ ಮಗು, ಅದರ ಹಟ ನಂಗೊತ್ತಿಲ್ವಾ?" ಕೇಸು ಎಳೆಯಲೆಂದು ಆಡಿದ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಅವನಿಗೇ ನಿಜವೆನ್ನಿಸಿತು.

"ಇಲ್ಲ ಯಜಮಾನ್ರೇ, ತಪ್ಪು ನಮ್ಮದೇ," ಎಂದು ಅಧಿಕಾರಿ ಪಟ್ಟು ಹಿಡಿದ. "ಮೇಲಿನವರೇ ಬರೆದುಕೊಟ್ಟಿದ್ದಾರೆ."

"ನಿಮ್ಮದಲ್ಲ ಅಂತಿದೀನಲ್ಲ!"

ವಿಚಾರಣೆ ನಡೆಸುತ್ತಿದ್ದ ನ್ಯಾಯಾಧೀಶೆ ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. "ತಪ್ಪು ನಂದು ನಂದು ಅಂತ ಹೀಗೆ ಕಿತ್ತಾಡಿದವರನ್ನ ನಾನು ಇವತ್ತೇ ನೋಡಿದ್ದು. ಎಲ್ಲಿ, ಆ ವಿಡಿಯೊ ಇನ್ನೊಂದ್ಸಲ ಹಾಕಿ."

ದೀಪ ಆರಿಸಿದರು. ದರ್ಜಿ ಕುರ್ಚಿಯ ತುದಿಗೆ ಸರಿದ. ಅವಳು ಹತ್ತಿದಳು, ಸೀಟು ಬಿಟ್ಟುಕೊಟ್ಟಳು, ಜುಟ್ಟು ಕಟ್ಟಿದಳು, ನಕ್ಕಳು. ನಗು ಮುಗಿಸಿ ಬಾಗಿಲ ಕಡೆ ತಿರುಗುವ ಮೊದಲೇ ಅವನು ಎದ್ದು ನಿಂತುಬಿಟ್ಟ.

"ಇಲ್ಲಿಗೆ ನಿಲ್ಲಿಸಿಬಿಡಿ ತಾಯಿ," ಎಂದ. "ಇಲ್ಲೀತನಕ ಯಾರದೂ ತಪ್ಪಿಲ್ಲ."